ಬೋರನ ಹುಟ್ಟುಗೂದಲು

ಬೋರ ಹುಟ್ಟಿದ್ದು ಈರಕ್ಕನ ಹೊಟ್ಟೆಯಲ್ಲಿ. ಆದರೆ ಅವನು 'ಅವ್ವಾ' ಎಂದು ಕರೆಯುತ್ತಿದ್ದದ್ದು ಅವಳ ವಾರಗಿತ್ತಿ ಕೊಲ್ಲಾಪುರಮ್ಮನನ್ನು. ಹೆತ್ತವಳನ್ನು ಮನೆಯವರು ಕರೆಯುವ ಹಾಗೆಯೇ ಹೆಸರು ಹಿಡಿದು ಕರೆಯುತ್ತಿದ್ದ. ನಾಲಿಗೆ ಹೊರಳದೆ 'ಈಯಕ್ಕ' ಅನ್ನುತ್ತಿದ್ದ. ಮನೆಯವರೆಲ್ಲ ನಗುತ್ತಿದ್ದರು. ಈರಕ್ಕನಿಗೆ ನಗು ಬರುತ್ತಿರಲಿಲ್ಲ.

ಹಾಗಾಗಲು ಕಾರಣವಿತ್ತು. ಬೋರ ಇನ್ನೂ ಮಗುಚಿಕೊಳ್ಳಲು ಕಲಿಯುವ ಮೊದಲೇ ಅವನ ಅಪ್ಪ ಬೈಲಪ್ಪ ಹಾವು ಕಚ್ಚಿ ಸತ್ತ. ಶಿರಾ ಸೀಮೆಯಲ್ಲಿ ಕುರಿಯ ಉಣ್ಣೆ ಕತ್ತರಿಸಲು ಅವನಂಥ ಕೈ ಇನ್ನೊಂದಿಲ್ಲ ಅನ್ನುತ್ತಿದ್ದರು. ಈರಕ್ಕ ಮೂಲೆ ಹಿಡಿದಳು. ಎದೆಹಾಲು ಬತ್ತಿತು. ಮಗು ಕಿರುಚಿದರೂ ಅವಳಿಗೆ ಎಲ್ಲೋ ದೂರದ ಮನೆಯಲ್ಲಿ ಅತ್ತ ಹಾಗೆ ಕೇಳುತ್ತಿತ್ತು. ಆಗ ಮಗುವನ್ನು ಎತ್ತಿಕೊಂಡವಳು ಕೊಲ್ಲಾಪುರಮ್ಮ. ಅವಳಿಗೆ ಮಕ್ಕಳಿರಲಿಲ್ಲ. ಮೇಕೆ ಹಾಲು ಕಾಸಿ ಕುಡಿಸಿದಳು, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದಳು. ಈರಕ್ಕ ಮೂಲೆಯಿಂದ ಎದ್ದು ಬರುವ ಹೊತ್ತಿಗೆ ಮಗು ಇನ್ನೊಬ್ಬಳ ಸೊಂಟಕ್ಕೆ ಅಂಟಿಕೊಂಡಾಗಿತ್ತು.

ಕೊಲ್ಲಾಪುರಮ್ಮ ಪುಣ್ಯಾತ್ಗಿತ್ತಿ ಎಂದು ಊರೆಲ್ಲ ಹೇಳಿತು. ಈರಕ್ಕನೂ ಅಲ್ಲ ಅನ್ನಲಿಲ್ಲ. ಅವಳಿಗೆ ಕಷ್ಟವಾದದ್ದು ಅದೇ. ಬೈಯಲು ಒಂದು ಕಾರಣವಾದರೂ ಸಿಕ್ಕಿದ್ದರೆ ಹೊಟ್ಟೆಯುರಿ ಒಂದಿಷ್ಟು ಆರುತ್ತಿತ್ತು.

ಎಪ್ಪತ್ತೆಂಟನೇ ಇಸವಿ. ಯುಗಾದಿ ಕಳೆದ ಮೇಲೆ ಅತ್ತೆ ಪಾಪಕ್ಕ ಮಾತು ತೆಗೆದಳು. ಬೋರನ ಹುಟ್ಟುಗೂದಲು ಇಳಿಸಬೇಕು. ಅದು ಸಿದ್ದರಬೆಟ್ಟಕ್ಕೆ ಹೊತ್ತ ಹರಕೆ. ಅಪ್ಪನ ಸಾವಿನಿಂದ ತಡವಾಗಿ, ಕೂದಲು ಆಗಲೇ ಹೆಗಲಿಗೆ ಬಂದಿತ್ತು. ಕೊಲ್ಲಾಪುರಮ್ಮ ಅದಕ್ಕೆ ಎಣ್ಣೆ ಹಚ್ಚಿ ಜಡೆ ಹಾಕಿ ಕನಕಾಂಬರ ಮುಡಿಸುತ್ತಿದ್ದಳು.

"ಕೂದ್ಲು ನೆಲಕ್ಕೆ ಬೀಳಂಗಿಲ್ಲ. ಸೋದರಮಾವನ ತೊಡೆ, ಮುತ್ತೈದೆ ಸೆರಗು. ಕೊಲ್ಲಾಪುರಿ ಸೆರಗೊಡ್ಡಲಿ," ಅಂದಳು ಪಾಪಕ್ಕ. ಆಮೇಲೆ ಈರಕ್ಕನ ಕಡೆ ತಿರುಗಿ, "ನೀನು ಬಂದ್ರೆ ಬಾರಮ್ಮ. ಅತ್ಲಾಗೆ ದೂರ ನಿಂತ್ಕ," ಅಂದಳು.

ಈರಕ್ಕ ರಾಗಿ ಕೇರುತ್ತಿದ್ದಳು. ಮೊರ ಒಂದು ಗಳಿಗೆ ನಿಂತಿತು. ಮತ್ತೆ ಕೇರಿದಳು.

ತೊಡಕು ಬೇರೆ ಇತ್ತು. ಬೋರ ಯಾರಿಗೂ ತಲೆ ಮುಟ್ಟಿಸುತ್ತಿರಲಿಲ್ಲ. ಕೊಲ್ಲಾಪುರಮ್ಮ ಜಡೆ ಹಾಕಲು ಮಾತ್ರ ಬಿಡುತ್ತಿದ್ದ. ಕತ್ತರಿ ಕಂಡರೆ ಊರು ಹಾರಿಹೋಗುವ ಹಾಗೆ ಅರಚುತ್ತಿದ್ದ. ಕೊಲ್ಲಾಪುರಮ್ಮ ದಿನವೂ ರಮಿಸುತ್ತಿದ್ದಳು.

"ನನ್ನಪ್ಪ, ಸಾಮಿಗೆ ಜುಟ್ಟು ಕೊಟ್ಬುಟ್ರೆ ಸಾಮಿ ನಿಂಗೆ ಪೀಪಿ ಕೊಡ್ತಾನೆ."

"ಬ್ಯಾಡ."

"ಬತ್ತಾಸು ಕೊಡ್ತಾನೆ ಕಣ್ಲಾ."

"ಸಾಮೀದೇ ಕತ್ರುಸ್ಕಳ್ಳಿ."

ಈರಕ್ಕ ಒಳಗಿನಿಂದ ಕೇಳಿಸಿಕೊಂಡಳು. ಮಗು ಒಪ್ಪಲಿಲ್ಲವಲ್ಲ ಎಂದು ಅವಳಿಗೆ ಹಿತವಾಯಿತು. ಆ ದಿನ ಎರಡು ಮುದ್ದೆ ಉಂಡಳು. ಊಟ ಸೇರಿ ಎಷ್ಟೋ ದಿನವಾಗಿತ್ತು.

ಆಗಲೇ ಅವಳಿಗೆ ಒಂದು ಯೋಚನೆ ಹೊಳೆಯಿತು. ಮಗು ನನ್ನ ಹತ್ತಿರ ಮಾತ್ರ ಸುಮ್ಮನಿರುವ ಹಾಗೆ ಮಾಡುತ್ತೇನೆ. ಹರಕೆಯ ದಿನ ಕೊಲ್ಲಾಪುರಿಯ ಸೆರಗಿನ ಮುಂದೆ ಅರಚಲಿ. ನಾಲ್ಕು ಜನ ನೋಡಲಿ.

ಅದು ಉಣ್ಣೆ ಕತ್ತರಿಸುವ ಕಾಲ. ಕುರಿಗಳನ್ನು ಕೆರೆಯಲ್ಲಿ ತೊಳೆದು ಒಣಗಲು ಬಿಟ್ಟಿದ್ದರು. ಭಾವ, ಕೊಲ್ಲಾಪುರಮ್ಮನ ಗಂಡ, ಕತ್ತರಿ ಹಿಡಿಯುತ್ತಿದ್ದ, ಈರಕ್ಕ ಕುರಿಯನ್ನು ಮಗ್ಗುಲಿಗೆ ಕೆಡವಿ ನಾಲ್ಕೂ ಕಾಲು ಕೂಡಿಸಿ ಹಿಡಿಯುತ್ತಿದ್ದಳು. ಬೈಲಪ್ಪ ಇದ್ದಾಗಲೂ ಕಾಲು ಹಿಡಿಯುವ ಕೆಲಸ ಅವಳದೇ. ಅವಳು ಹಿಡಿದರೆ ಕುರಿ ಮಿಸುಕುವುದಿಲ್ಲ ಎಂದು ಅವನು ಮೆಚ್ಚುತ್ತಿದ್ದ. ಅವನು ಬದುಕಿನಲ್ಲಿ ಅವಳನ್ನು ಹೊಗಳಿದ್ದು ಅದೊಂದಕ್ಕೇ.

ಕೊಲ್ಲಾಪುರಮ್ಮ ನೀರಿಗೆ ಹೋದಾಗ ಈರಕ್ಕ ಬೋರನನ್ನು ಕುರಿ ದೊಡ್ಡಿಗೆ ಕರೆದುಕೊಂಡು ಹೋದಳು. ಒಂದು ಮರಿಯನ್ನು ಮಗ್ಗುಲಿಗೆ ಕೆಡವಿ ಕಾಲು ಹಿಡಿದಳು.

"ನೋಡ್ಲಾ, ಮರಿ ಅಳ್ತದಾ?"

"ಇಲ್ಲ."

"ಯಾಕೆ?"

ಬೋರ ಬಗ್ಗಿ ನೋಡಿದ. "ಈಯಕ್ಕ ಕಾಲು ಇಡ್ಕಂಡೈತೆ."

"ಊಂ. ನಾನು ಇಡ್ಕಂಡ್ರೆ ನೋಯಲ್ಲ."

ಮಗು ತಾನೇ ಕಂಬಳಿಯ ಮೇಲೆ ಮಗ್ಗುಲಾಗಿ ಮಲಗಿತು. ಎರಡೂ ಪಾದ ಜೋಡಿಸಿ ಮುಂದೆ ಚಾಚಿತು. ಈರಕ್ಕ ಹಿಡಿದಳು. ಅಂಗಾಲು ಬೆಚ್ಚಗಿತ್ತು. ಅವನು ಹುಟ್ಟಿದ ಮೇಲೆ ಆ ಪಾದಗಳನ್ನು ಅವಳು ಸರಿಯಾಗಿ ಕೈಯಲ್ಲಿ ಹಿಡಿದಿದ್ದೇ ಇಲ್ಲವೇನೋ. ಇನ್ನೊಂದು ಕೈಯ ಬೆರಳನ್ನೇ ಕತ್ತರಿ ಮಾಡಿ ಅವನ ಕೂದಲಲ್ಲಿ ಆಡಿಸಿದಳು. ಬಾಯಲ್ಲಿ "ಕಚಕ್, ಕಚಕ್" ಅಂದಳು. ಬೋರ ಕಿಸಕ್ಕನೆ ನಕ್ಕು, "ಬ್ಯಾ" ಅಂದ.

ದಿನವೂ ಅದೇ ಆಟ. ಕೊನೆಕೊನೆಗೆ ಬೈಲಪ್ಪನ ಕತ್ತರಿಯನ್ನು ಅಟ್ಟದಿಂದ ತೆಗೆದು, ಅದರ ಬಾಯಿ ಮುಚ್ಚಿ ಮಗುವಿನ ತಲೆಯ ಮೇಲೆ ಆಡಿಸಿದಳು. ಗಂಡ ಸತ್ತ ಮೇಲೆ ಅದನ್ನು ಯಾರಿಗೂ ಮುಟ್ಟಿಸಿರಲಿಲ್ಲ. ಬೋರ ಅಲ್ಲಾಡಲಿಲ್ಲ. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಕೊಲ್ಲಾಪುರಮ್ಮ ಅತ್ತ ಬತ್ತಾಸಿನ ಆಸೆ ತೋರಿಸುತ್ತಲೇ ಇದ್ದಳು.

ಸೋಮವಾರ ಗಾಡಿ ಕಟ್ಟಿಕೊಂಡು ಸಿದ್ದರಬೆಟ್ಟಕ್ಕೆ ಹೋದರು. ಬೆಟ್ಟದ ಬುಡದಲ್ಲಿ ಹುಣಸೆ ಮರದ ಕೆಳಗೆ ಕೆಲಸಿ ನರಸಪ್ಪ ಚಾಪೆ ಹಾಸಿ, ಕ್ಷೌರದ ಕತ್ತಿಯನ್ನು ತೊಗಲಿನ ಪಟ್ಟಿಗೆ ಉಜ್ಜುತ್ತಿದ್ದ. ಈರಕ್ಕನ ಅಣ್ಣ ಸಿದ್ದಗಂಗಯ್ಯ ಸೋದರಮಾವನಾಗಿ ಹೊಸ ಪಂಚೆಯುಟ್ಟು ಚಕ್ಕಳಬಕ್ಕಳ ಹಾಕಿ ಕೂತ. ಕೊಲ್ಲಾಪುರಮ್ಮ ಹಸಿರು ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹರಡಿ ಪಕ್ಕದಲ್ಲಿ ಕೂತಳು. ಅವಳ ಮುಖ ಹೊಸ ಮದುಮಗಳ ಮುಖದ ಹಾಗಿತ್ತು. ಈರಕ್ಕ ದೂರದಲ್ಲಿ, ಎತ್ತುಗಳ ಹತ್ತಿರ ನಿಂತಳು. ಆ ಹಸಿರು ಸೆರಗು ಗಾಳಿಗೆ ಹಾರಿಹೋಗಲಿ ಅನ್ನಿಸಿತು.

ಬೋರನನ್ನು ಮಾವನ ತೊಡೆಯ ಮೇಲೆ ಕೂರಿಸಿದರು. ನರಸಪ್ಪ ತಲೆಗೆ ನೀರು ತಟ್ಟಿದ್ದೇ ತಡ, ಮಗು ಅರಚಿಕೊಂಡಿತು. ಮಾವನ ಕೈ ಕಚ್ಚಿತು.

"ಅಯ್ಯೋ ಇದರ ಹಲ್ಲೇ!" ಸಿದ್ದಗಂಗಯ್ಯ ಕೈ ಕೊಡವಿದ. "ಕುರಿ ಕತ್ತರ್ಸೋರ ವಂಶ, ನೋಡಿದ್ರೆ ತೋಳ ಹುಟ್ಟೈತೆ."

"ನನ್ನಪ್ಪ, ಬತ್ತಾಸು..." ಅಂದಳು ಕೊಲ್ಲಾಪುರಮ್ಮ. ಮಗು ಅವಳ ಸೆರಗನ್ನು ಒದ್ದಿತು. ಅವಳ ಮುಖ ಬಾಡಿತು. ಸುತ್ತ ನಿಂತವರು ನೋಡುತ್ತಿದ್ದರು.

ಈರಕ್ಕ ಬಯಸಿದ್ದು ಇದನ್ನೇ. ಎತ್ತಿನ ಕೊಂಬು ಹಿಡಿದು ನಿಂತು ಕಣ್ತುಂಬ ನೋಡಿದಳು.

ಬೋರ ಮಾವನ ತೊಡೆಯಿಂದ ಜಾರಿ ಚಾಪೆಗೆ ಬಿದ್ದ. ಎದ್ದು ಓಡುತ್ತಾನೆ ಅಂದುಕೊಂಡರು. ಓಡಲಿಲ್ಲ. ಮಗ್ಗುಲಾಗಿ ಮಲಗಿದ. ಬಿಕ್ಕುತ್ತಲೇ ಎರಡೂ ಪಾದ ಜೋಡಿಸಿ ಮುಂದೆ ಚಾಚಿದ.

"ಈಯಕ್ಕ! ಕಾಲು ಇಡ್ಕ!"

ಯಾರಿಗೂ ಏನೂ ತಿಳಿಯಲಿಲ್ಲ. ಮೊದಲು ತಿಳಿದದ್ದು ನರಸಪ್ಪನಿಗೆ, ಅವನೂ ಕುರಿ ಸಾಕಿದವನು. ಕತ್ತಿ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕ. "ಎಲಾ ಇವನಾ! ಟಗರು ಮಲಗ್ದಂಗೆ ಮಲಗವ್ನೆ. ಯಾರಮ್ಮ ಈಯಕ್ಕ? ಬಾರಮ್ಮ ಇಲ್ಲಿ."

"ಅವಳು ಬರಂಗಿಲ್ಲ," ಅಂದಳು ಪಾಪಕ್ಕ. "ಅವಳ ಕೈ ತಾಕಬಾರ್ದು."

"ಮುಡಿ ತಲೇದು, ಅವಳು ಇಡಿಯೋದು ಕಾಲು. ತಲೆಗೂ ಕಾಲಿಗೂ ಏನಜ್ಜಿ ಸಂಬಂಧ? ಮಗ ಮಿಸುಕಿ ಕಿವಿ ಹೋದ್ರೆ ನಾನು ತಂದು ಅಂಟಿಸಲಾ?"

ಪಾಪಕ್ಕ ಬೆಟ್ಟದ ಕಡೆ ಮುಖ ತಿರುಗಿಸಿ ಕೈಮುಗಿದಳು. "ಸಾಮಿ, ನೀನೇ ನೋಡ್ಕ," ಅಂದಳು.

ಈರಕ್ಕ ಬಂದು ಕೂತಳು. ಪಾದ ಹಿಡಿದಳು. ಬಿಕ್ಕು ನಿಂತಿತು. ಸಿದ್ದಗಂಗಯ್ಯ ಬೋರನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕತ್ತರಿಯಿಂದ ಮೊದಲ ಎಳೆ ತೆಗೆದ. ಆಮೇಲೆ ನರಸಪ್ಪ ಕತ್ತಿ ಆಡಿಸಿದ. ಕೂದಲು ಕೊಲ್ಲಾಪುರಮ್ಮನ ಸೆರಗಿಗೆ ಬಿತ್ತು. ಅವಳೇ ಎಣ್ಣೆ ಹಚ್ಚಿ ಬೆಳೆಸಿದ ಕೂದಲು. ಅವಳು ಅಳುತ್ತಿದ್ದಳು. ಕೈ ಎರಡೂ ಸೆರಗಿನಲ್ಲಿದ್ದುದರಿಂದ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ.

ಈರಕ್ಕ ಅದನ್ನು ನೋಡಿದಳು. ಹಿಗ್ಗಬೇಕಿತ್ತು. ಹಿಗ್ಗು ಬರಲಿಲ್ಲ. ಕಾಲು ಮಾತ್ರ ಬಿಡಲಿಲ್ಲ.

ಕೆಲಸ ಮುಗಿಯಿತು. ಬೋರ ಎದ್ದು ಮೈಕೊಡವಿ "ಬ್ಯಾ" ಎಂದು ಎತ್ತುಗಳ ಕಡೆ ಓಡಿದ. ಬೋಳುತಲೆಯ ಮೇಲೆ ಗಂಧ ಹಚ್ಚಲು ಪಾಪಕ್ಕ ಬೈಯುತ್ತಾ ಹಿಂದೆ ಓಡಿದಳು. ಚಾಪೆಯ ಮೇಲೆ ಉಳಿದವರು ವಾರಗಿತ್ತಿಯರಿಬ್ಬರೇ.

ಕೊಲ್ಲಾಪುರಮ್ಮ ಸೆರಗು ಗಂಟು ಹಾಕಿಕೊಂಡಳು. "ಯಾವಾಗ ಕಲ್ಸಿದೆ ಈರಕ್ಕ?"

"ನೀನು ನೀರಿಗೆ ಹೋದಾಗ."

"ನಂಗೆ ಹೇಳಿದ್ರೆ ಏನಾಗ್ತಿತ್ತು?"

"ಹೇಳ್ಬೇಕು ಅನ್ನಿಸ್ಲಿಲ್ಲ ಕಣಕ್ಕ."

ಕೊಲ್ಲಾಪುರಮ್ಮ ತಲೆ ತಗ್ಗಿಸಿದಳು. ಮೆಲ್ಲಗೆ ಅಂದಳು. "ಹೆಂಗೆ ಇಡ್ಕಂಬೇಕು, ನಂಗೂ ತೋರ್ಸು."

ಈರಕ್ಕ ತನ್ನ ಸೀರೆಗೆ ಅಂಟಿದ್ದ ಒಂದು ಎಳೆ ಕೂದಲನ್ನು ಬೆರಳಿಗೆ ಸುತ್ತಿಕೊಂಡಳು.

"ತೋರ್ಸಲ್ಲ," ಅಂದಳು. ಎದ್ದು ಗಾಡಿಯ ಕಡೆ ನಡೆದಳು.