ಇಪ್ಪತ್ತು ಸೆಕೆಂಡಿನ ಸುಖ

ಮೊದಲ ಸಲ ಅದು ಬಂದಾಗ ನಾನು ಶಹಾಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಬೆಂಜೀನ್ ಉಂಗುರ ಅರ್ಧ ಆಗಿತ್ತು. ಹೊಕ್ಕುಳಿನಿಂದ ಬೆಚ್ಚಗೆ ಏನೋ ಮೇಲೆದ್ದಿತು. ಎದೆಗೆ ಬಂತು. ಕಣ್ಣಿನ ಹಿಂದಕ್ಕೆ ಬಂತು. ಆಮೇಲೆ ಎಲ್ಲವೂ ಸರಿಯಾಗಿತ್ತು. ಕೈಯೊಳಗಿನ ಸೀಮೆಸುಣ್ಣ, ಬಾಗಿಲ ಸಂದಿಯ ಬಿಸಿಲು, ಹಿಂದಿನ ಬೆಂಚಿನ ಗುಸುಗುಸು, ಯಾವುದೂ ಇನ್ನೊಂದು ರೀತಿ ಇರಬೇಕಾಗಿರಲಿಲ್ಲ. ಇಪ್ಪತ್ತು ಸೆಕೆಂಡು ಇರಬಹುದು. ಉಂಗುರ ಪೂರ್ತಿ ಮಾಡಿದೆ.

ಐದು ತಿಂಗಳು ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಹತ್ತಾರು ಸಲ ಬಂದಿತ್ತು. ರೋಗ ಎಂದು ಅನ್ನಿಸಲೇ ಇಲ್ಲ. ಯಾರಿಗೂ ಲೆಕ್ಕ ಕೊಡಬೇಕಿಲ್ಲದ, ನನ್ನದೇ ಆದ ವಸ್ತು ಅದೊಂದೇ ಅನ್ನಿಸಿತ್ತು.

ಒಂದು ಭಾನುವಾರ ಸುರಪುರದಾಚೆಯ ನಮ್ಮೂರಿನಲ್ಲಿ ರೊಟ್ಟಿ ಬೇಯಿಸುತ್ತಿದ್ದಾಗ ಅದು ಇಪ್ಪತ್ತು ಸೆಕೆಂಡಿಗೆ ನಿಲ್ಲಲಿಲ್ಲ. ನನಗೆ ನೆನಪಿಲ್ಲ. ಅಂಗೈ ಹಂಚಿನ ಮೇಲೆ ಇತ್ತಂತೆ. ಚರ್ಮ ಸುಡುತ್ತಿತ್ತಂತೆ.

ನಾನು ನಗುತ್ತಿದ್ದೆನಂತೆ.

ನೋಡಿದವಳು ಅತ್ತೆ. ತೀರಿಹೋದ ಅಪ್ಪನ ಅಕ್ಕ, ನಮ್ಮ ಜೊತೆಗೇ ಇದ್ದಾಳೆ. ಪ್ರತಿ ಅಮಾವಾಸ್ಯೆಗೆ ತಿಂಥಣಿಯ ಗುಡಿಗೆ ಹೋಗುತ್ತಾಳೆ. ದೇವರು ತನ್ನ ಮೈಮೇಲೆ ಬರಲಿ ಎಂದು ಜೀವನವಿಡೀ ಕಾದವಳು. ಅವಳಿಗೆ ಒಮ್ಮೆಯೂ ಬಂದಿಲ್ಲ.

"ದೇವರು ಬಂದಾನ," ಎಂದಳು. "ಕೈ ಸುಟ್ರೂ ನಗಾಕತ್ತಾಳ. ಇನ್ನೇನು ಸಾಕ್ಷಿ ಬೇಕು?"

ಅವ್ವ ಕೈಗೆ ಬಟ್ಟೆ ಸುತ್ತಿ ಮರುದಿನವೇ ನನ್ನನ್ನು ಕಲಬುರಗಿಗೆ ಕರೆದುಕೊಂಡು ಹೋದಳು. ಇಇಜಿ, ಸ್ಕ್ಯಾನ್. ಟೆಂಪೊರಲ್ ಲೋಬ್ ಎಪಿಲೆಪ್ಸಿ, ಮೂರ್ಛೆರೋಗದ ಒಂದು ಬಗೆ.

"ಬರೋಕಿಂತ ಮೊದಲ ಏನರ ಅನಸ್ತದೇನ್ರಿ? ಹೆದರಿಕಿ? ಕೆಟ್ಟ ವಾಸನಿ?" ಡಾಕ್ಟರು ಕೇಳಿದರು.

"ಸುಖ," ಎಂದೆ. ಆ ಶಬ್ದ ಹೊರಗೆ ತರಲು ನನಗೆ ಎಷ್ಟು ಕಷ್ಟವಾಯಿತೆಂದು ಅವರಿಗೆ ತಿಳಿದಿರಲಿಕ್ಕಿಲ್ಲ.

"ಛಲೋನೇ ಆತಲ್ರಿ. ನಮಗರ ಎಲ್ಲಿ ಬರ್ತದ?" ಎಂದು ನಕ್ಕರು. ಫೈಲಿನಲ್ಲಿ 'ಅಬ್‌ನಾರ್ಮಲ್ ಫೀಲಿಂಗ್' ಎಂದು ಬರೆದರು. ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ.

ಗುಳಿಗೆ ಕೆಲಸ ಮಾಡಿತು. ಹದಿನೈದು ದಿನಕ್ಕೆ ಎಲ್ಲ ನಿಂತಿತು. ನಿದ್ದೆ ಜಾಸ್ತಿ, ಪಾಠದ ನಡುವೆ ಶಬ್ದಗಳು ತಡವಾಗಿ ಬರುತ್ತಿದ್ದವು. ಬೋರ್ಡಿನ ಮುಂದೆ ನಿಂತರೆ ಅದು ಬರೀ ಬೋರ್ಡು. ಊರಿಗೆ ಹೋದಾಗಲೆಲ್ಲ ಅತ್ತೆ ನಾನು ನುಂಗುವುದನ್ನು ನೋಡುತ್ತ ಕೂರುತ್ತಿದ್ದಳು. "ಎಂ.ಎಸ್ಸಿ ಓದಿದಾಕಿ ಮೈಯಾಗ ಬರಾಕ ದೇವರೂ ಅರ್ಜಿ ಹಾಕಬೇಕೇನವ್ವಾ."

ಆ ವರ್ಷ ನಮ್ಮ ಕಡೆಯ ಕೆನಾಲಿನ ಕೊನೆಯ ಹೊಲಗಳಿಗೆ ನೀರು ಬಂದಿರಲಿಲ್ಲ. ಮೇಲಿನವರು ಭತ್ತ ಹಚ್ಚಿ ನೀರೆಲ್ಲ ಎಳೆದುಕೊಂಡಿದ್ದರು. ಕೆಳಗಿನವರು ನೀರಾವರಿ ಆಫೀಸಿಗೆ ಅಲೆದು ಸಾಕಾಗಿ, ಅತ್ತೆಯ ಮಾತು ನಂಬಿ, ಅಮಾವಾಸ್ಯೆಯ ದಿನ ನಮ್ಮ ಮನೆಗೆ ಬಂದು ನನ್ನ ಬಾಯಿಂದ ದೇವರ ಹೇಳಿಕೆ ಕೇಳುವುದೆಂದು ತೀರ್ಮಾನಿಸಿದರು. ಗುಳಿಗೆ ದೇವರ ದಾರಿ ಕಟ್ಟುತ್ತದೆ ಎಂಬುದು ಅತ್ತೆಯ ಲೆಕ್ಕ. ಆ ಅಮಾವಾಸ್ಯೆಗೆ ನಾನು ರಜೆ ಮೇಲೆ ಊರಲ್ಲಿದ್ದೆ. ಎರಡು ದಿನ ಮುಂಚೆಯೇ ಅತ್ತೆ ಡಬ್ಬಿ ಎತ್ತಿಟ್ಟಳು. ಅವ್ವನಿಗೆ ಗೊತ್ತಿತ್ತು. ತಡೆಯಲಿಲ್ಲ.

ನನಗೂ ಗೊತ್ತಿತ್ತು.

ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಡಬ್ಬಿ ಎಲ್ಲಿ ಎಂದು ನಾನು ಕೇಳಲಿಲ್ಲ. ಸುರಪುರದಲ್ಲಿ ಮೆಡಿಕಲ್ ಅಂಗಡಿಗಳಿವೆ, ಹೋಗಲಿಲ್ಲ. ಅದು ಇನ್ನೊಮ್ಮೆ ಬರಲಿ ಎಂದು ಕಾದೆ.

ಅದು ಬರಲಿಲ್ಲ. ಬಂದದ್ದು ಬೇರೆ. ಕಣ್ಣು ಬಿಟ್ಟಾಗ ಪಡಸಾಲೆಯ ನೆಲದ ಮೇಲಿದ್ದೆ. ಸೀರೆ ಒದ್ದೆಯಾಗಿತ್ತು, ಬಾಯಲ್ಲಿ ರಕ್ತ, ಮುಂದಿನ ಹಲ್ಲು ಅರ್ಧ ಮುರಿದಿತ್ತು. ಹಣೆಗೆ ಯಾರೋ ದೇವರ ಅರಿಸಿನ, ಭಂಡಾರ ಹಚ್ಚಿದ್ದರು. ಒಬ್ಬ ಹೆಂಗಸು ನನ್ನ ಪಾದ ಹಿಡಿದು ಕೇಳುತ್ತಿದ್ದಳು:

"ನೀರು ಯಾವಾಗ ಬರ್ತದ ಹೇಳವ್ವಾ."

ಆ ಸಿಟ್ಟು ಇನ್ನೂ ಇಳಿದಿಲ್ಲ. ಆ ಹೆಂಗಸಿನ ಮೇಲಲ್ಲ. ಅವಳ ಹೊಲ ನಿಜವಾಗಿ ಒಣಗುತ್ತಿತ್ತು. ನನ್ನ ಒದ್ದೆ ಸೀರೆಯನ್ನು ನೋಡಿಯೂ ಕೈ ಮುಗಿದು ನಿಂತವರ ಮೇಲೆ, ನಕ್ಕು ಅಬ್‌ನಾರ್ಮಲ್ ಎಂದು ಬರೆದವರ ಮೇಲೆ. ಒಬ್ಬರಿಗೆ ಅದರಿಂದ ಉತ್ತರ ಬೇಕಿತ್ತು, ಇನ್ನೊಬ್ಬರಿಗೆ ಅದು ನಿಲ್ಲಬೇಕಿತ್ತು. ಸುಖ ಬಂದರೆ ಅದನ್ನು ಗುಡಿಯಲ್ಲೋ ಆಸ್ಪತ್ರೆಯಲ್ಲೋ ಜಮಾ ಮಾಡಲೇಬೇಕೇ? ಸಿಟ್ಟಿನಲ್ಲಿ ನನ್ನ ಪಾಲೂ ಇದೆ. ಹಲ್ಲು ನಾನೇ ಮುರಿದುಕೊಂಡದ್ದು.

ಮತ್ತೆ ಕಲಬುರಗಿ.

"ಗುಳಿಗಿ ಬಿಟ್ಟಿದ್ರೇನ್ರಿ?"

"ಬಿಟ್ಟಿದ್ದೆರಿ. ಯಾಕ ಬಿಟ್ಟೆ ಅಂತನೂ ಬರಕೊಳ್ರಿ. ಅವತ್ತು ಸುಖ ಅಂದಿದ್ದೆ, ನೀವು ನಕ್ಕಿದ್ರಿ. ಅದರ ಆಸೀಗೇ ಬಿಟ್ಟೀನಿ. ನನ್ನಂಗ ಇನ್ನೊಬ್ಬರೂ ಬಿಡ್ತಾರ."

ಡಾಕ್ಟರು ಹಳೆಯ ಫೈಲು ತೆರೆದರು. ಅಲ್ಲಿದ್ದ ಶಬ್ದ ಹೊಡೆದು ಹಾಕಿ ನಾನು ಹೇಳಿದ್ದನ್ನೇ ಬರೆದರು. ಬರೆದದ್ದನ್ನು ನನಗೆ ಓದಿ ತೋರಿಸಿದರು. ಅಷ್ಟಕ್ಕೆ ನಾನು ಅವರಿಗೆ ಋಣಿ. ಗುಳಿಗೆಯನ್ನೂ ಬದಲಿಸಿದರು, ಈಗ ಶಬ್ದಗಳು ಅಷ್ಟು ತಡ ಮಾಡುವುದಿಲ್ಲ.

ನಾಲ್ಕು ತಿಂಗಳಾಯಿತು, ಬಿದ್ದಿಲ್ಲ. ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅವ್ವ ಶಹಾಪುರದ ನನ್ನ ಕೋಣೆಗೆ ಬಂದಿದ್ದಾಳೆ, ಗುಳಿಗೆ ಅವಳೇ ಕೊಡುತ್ತಾಳೆ. ಮೊನ್ನೆ ಬೆಳಿಗ್ಗೆ ನೀರಿನ ಲೋಟ ಹಿಡಿದುಕೊಂಡೇ ಕೇಳಿದಳು, "ಹ್ಯಾಂಗಿರ್ತಿತ್ತ ಅದು?"

ಇಷ್ಟು ದಿನದಲ್ಲಿ ಕೇಳಿದವಳು ಅವಳೊಬ್ಬಳೇ. ಹೇಳಿದೆ, ಬಂದಷ್ಟು ಶಬ್ದಗಳಲ್ಲಿ.

ಅವ್ವ ನನ್ನ ಮುಖ ನೋಡಲಿಲ್ಲ. "ಕೆನಾಲಿಗೆ ಮೊದಲ ಸಲ ನೀರು ಬಿಟ್ಟಾಗ ನಾ ಸಣ್ಣಾಕಿದ್ದೆ. ಒಣ ಕೆನಾಲಿನಾಗ ನಿಂತಿದ್ದೆ. ನೀರು ಬಂದು ಕಾಲು ಮುಟ್ಟಿದಾಗ ನನಗೂ ಹಂಗ ಆಗಿತ್ತು. ಯಾರ ಮುಂದೂ ಹೇಳಿಲ್ಲ."

ಅವ್ವನಿಗೆ ಯಾರೂ ಭಂಡಾರ ಹಚ್ಚಿರಲಿಲ್ಲ. ಯಾರೂ ಅದಕ್ಕೊಂದು ಹೆಸರಿಟ್ಟು ಫೈಲಿನಲ್ಲಿ ಬರೆದುಕೊಂಡಿರಲಿಲ್ಲ. ಅದು ಅವಳ ಹತ್ತಿರ ಹಾಗೇ ಉಳಿದಿತ್ತು.

ಲೋಟ ತೆಗೆದುಕೊಂಡು ಗುಳಿಗೆ ನುಂಗಿದೆ.