ಹೆಬ್ಬೆರಳು ಒತ್ತುವ ಮೊದಲು

"ಹೆಬ್ಬೆರಳು ಇಲ್ಲಿಡಿ" ಎಂದು ಸೂರತ್‌ನ ನೋಂದಣಿ ಕಚೇರಿಯ ಗುಮಾಸ್ತೆ ಹಿಂದಿಯಲ್ಲಿ ಹೇಳಿ ಯಂತ್ರ ತೋರಿಸಿದಳು. ಅದೇ ಊರಿನ ಉಧ್ನಾದಲ್ಲಿ ಉಡುಪಿ ಹೋಟೆಲು ನಡೆಸುವ ನನ್ನ ಮಗ ಹೊಸ ಫ್ಲ್ಯಾಟನ್ನು ನನ್ನ ಹೆಸರಿಗೆ ಕೊಳ್ಳುತ್ತಿದ್ದ. ತಾಯಿಯ ಮೇಲಿನ ಪ್ರೀತಿಗಲ್ಲ. ಗುಜರಾತಿನಲ್ಲಿ ಹೆಂಗಸರ ಹೆಸರಿಗೆ ಕೊಂಡರೆ ನೋಂದಣಿ ಶುಲ್ಕ ಇಲ್ಲ, ಅದಕ್ಕೆ.

"ಹಾಗಾದ್ರೆ ಮನೆ ನನ್ನದಾ?" ಎಂದು ಕೇಳಿದೆ.

"ಕಾಗದದಲ್ಲಿ ಮಾತ್ರ ಅಮ್ಮ. ಬೇಗ ಒತ್ತು."

ನನಗೆ ಸೊಸೆಯ ನೆನಪಾಯಿತು. ಹದಿನೆಂಟು ವರ್ಷ ಹೋಟೆಲಿಗೆ ಇಡ್ಲಿ, ದೋಸೆಯ ಹಿಟ್ಟು ಕಡೆದವಳು ಅವಳು. ಜಗಳವಾದಾಗಲೆಲ್ಲ ಇವನು ಅವಳಿಗೆ, "ನನ್ನ ಮನೆಯಿಂದ ಹೊರಡು" ಅನ್ನುವುದನ್ನು ಕೇಳಿ ನನಗೆ ಸಾಕಾಗಿತ್ತು. ಬೆರಳನ್ನು ಸೆರಗಿನೊಳಗೆ ಸೇರಿಸಿಬಿಟ್ಟೆ.

"ನಿನ್ನ ಹೆಂಡತಿಯ ಹೆಸರೂ ಹಾಕಿಸು ಮಾರಾಯ. ಅವಳೂ ಹೆಂಗಸೇ ಅಲ್ವಾ? ಅವಳಿಗೂ ಶುಲ್ಕ ಇಲ್ಲ."

ಗುಮಾಸ್ತೆಗೆ ಕನ್ನಡ ಬಾರದು, ಆದರೂ ಮಗನ ಮುಖ ನೋಡಿ ನಕ್ಕಳು. ಪತ್ರ ಮತ್ತೆ ಬರೆಸಬೇಕು, ಇನ್ನೊಂದು ದಿನ ಬರಬೇಕು ಎಂದು ಅವನು ಗೊಣಗಿದ. "ಬರುವ, ನನಗೆಂತ ಅವಸರ?" ಎಂದೆ. ಮರುವಾರ ಅತ್ತೆ ಸೊಸೆ ಇಬ್ಬರೂ ಹೆಬ್ಬೆರಳು ಒತ್ತಿ ಬಂದೆವು.

ಮೊನ್ನೆ ಹೊಸ ಮನೆಯಲ್ಲಿ ಸಾಂಬಾರಿಗೆ ಉಪ್ಪು ಹೆಚ್ಚಾಯಿತೆಂದು ಅವನು ಕೂಗಾಡಿದ. ಸೊಸೆ ಪಾತ್ರೆ ತೊಳೆಯುತ್ತಲೇ, "ಮೆಲ್ಲ ಮಾತಾಡಿ, ಮನೆಯ ಓನರು ಇಬ್ಬರೂ ಇಲ್ಲೇ ಇದ್ದಾರೆ" ಎಂದಳು. ಅವನು ನನ್ನ ಕಡೆ ನೋಡಿದ. ನಾನು ಇನ್ನೊಂದು ಸೌಟು ಸಾಂಬಾರು ಬಡಿಸಿದೆ.