ಮಕಾರಿಯೊ ಅಂದರೆ ಯಾರು

ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬಸಿಲೀಸತ್ತೆ ಇಗರ್ಜಿಯ ಗೋಪುರದಲ್ಲಿ ಸಾವಿನ ಗಂಟೆ ಹೊಡೆಯುತ್ತಿದ್ದರು. ಸತ್ತವರು ಯಾರೆಂದು ಅವರಿಗೂ ಗೊತ್ತಿರಲಿಲ್ಲ.

ಸ್ಪೇನಿನ ನಮ್ಮ ವಾಲ್ದೆಕಾರ ಹಳ್ಳಿಯಲ್ಲಿ ಗಂಡಸಿಗೆ ಮೂರು ಪೆಟ್ಟು, ಹೆಂಗಸಿಗೆ ಎರಡು. ಮೂರು ಕೇಳಿದವರು ಬೇಕರಿಯ ಬಾಗಿಲಿಗೆ ಬಂದರು. ಅಲ್ಲಿ ಅಂಟಿಸಿದ್ದ ಕಪ್ಪಂಚಿನ ಕಾಗದದ ಪ್ರಕಾರ ಈ ಊರಿನವರಾದ ಮಕಾರಿಯೊ ಲಾಫುವೆಂತೆ ದೂರದ ಬಿಲ್ಬಾವ್ ನಗರದಲ್ಲಿ ತೀರಿಕೊಂಡಿದ್ದರು. ಹನ್ನೊಂದಕ್ಕೆ ಇಲ್ಲಿ ಮಣ್ಣು.

"ಮಕಾರಿಯೊ? ಯಾವನಪ್ಪ ಅವನು?" ಎಂದ ಬೇಕರಿಯ ಬೂದಿ.

"ನೀನೇ ಇರ್ಬೇಕು. ಮುಖ ನೋಡಿದ್ರೆ ಹಾಗೇ ಇದೆ," ಎಂದ ಹೋಟೆಲಿನ ಕಪ್ಪೆ.

ನಮ್ಮಲ್ಲಿ ಓಡಾಡುವುದು ಬೂದಿ, ಕಪ್ಪೆ ಎಂಬಂಥ ಮನೆತನದ ಅಡ್ಡಹೆಸರುಗಳೇ. ಪಾದ್ರಿ ಇಟ್ಟ ಹೆಸರು ಸರ್ಕಾರಕ್ಕೆ. ಬೇರೆ ಊರಿನಿಂದ ಸೊಸೆಯಾಗಿ ಬಂದ ಬಸಿಲೀಸತ್ತೆಗೆ ಮಾತ್ರ ಸ್ವಂತ ಹೆಸರು ಉಳಿದಿತ್ತು.

ಗಂಟೆ ಮುಗಿಸಿ ಬಂದಿದ್ದ ಅವರು ಮಾತ್ರ ನಗಲಿಲ್ಲ. ಶವಪೆಟ್ಟಿಗೆ ಹೊರಲು ನಾಲ್ವರು ಬೇಕು. ಗುರುತಿಲ್ಲದವರಿಗೆ ಇಲ್ಲಿ ಯಾರೂ ಹೆಗಲು ಕೊಡುವುದಿಲ್ಲ. ಊರಿನ ಮಗ ಊರಿಗೇ ಬಂದು ಅನಾಥನಂತೆ ಹೋಗಬೇಕೇ?

ಹತ್ತೂವರೆಗೆ ಶವದ ಗಾಡಿ ಬಂತು. ಸತ್ತವರ ಮಗ ಉನಾಯ್ ಇಳಿದ.

"ನಿಮ್ಮಪ್ಪನ್ನ ಇಲ್ಲಿ ಏನಂತ ಕರೀತಿದ್ರು, ಮಗಾ?" ಎಂದು ಕೇಳಿದರು ಬಸಿಲೀಸತ್ತೆ.

"ಮಕಾರಿಯೊ ಅಂತ್ಲೇ ಅಲ್ವಾ?"

ಅವನು ತೋರಿಸಿದ ಫೋಟೊ ಕೈಯಿಂದ ಕೈಗೆ ಹೋಯಿತು. ಹರೆಯದಲ್ಲಿ ಊರು ಬಿಟ್ಟವನ ಮುಪ್ಪಿನ ಮುಖ ಯಾರಿಗೂ ಗುರುತಾಗಲಿಲ್ಲ. ಉನಾಯ್ ಸೋತು ಪಾದ್ರಿಯನ್ನು ಹುಡುಕಿಕೊಂಡು ಹೊರಟ. ಎಡಗಾಲನ್ನು ಹೊರಕ್ಕೆ ಎಸೆದು, ಹೆಜ್ಜೆಗೊಮ್ಮೆ ಸಣ್ಣಗೆ ಕುಪ್ಪಳಿಸುವ ನಡಿಗೆ.

"ಅಯ್ಯೋ, ಜೀರುಂಡೆ ಮನೆಯವರ ಕಾಲು!" ಬಸಿಲೀಸತ್ತೆ ಕೂಗಿದರು. "ನಿಮ್ಮಪ್ಪ ಜೀರುಂಡೆ ಕಣೋ!"

"ಯಾವ ಜೀರುಂಡೆ? ದೊಡ್ಡೋನಾ, ಚಿಕ್ಕೋನಾ?" ಎಂದ ಕಪ್ಪೆ. "ಇಬ್ರೂ ಒಂದೇ ಬಸ್ಸಲ್ಲಿ ಹೋದ್ರಲ್ಲ."

"ಅಪ್ಪನಿಗೆ ಒಡಹುಟ್ಟಿದವರಿದ್ರಾ?" ಉನಾಯ್ ತಬ್ಬಿಬ್ಬಾದ.

ಯಾರಾದರೇನು, ಜೀರುಂಡೆಯಂತೂ ಹೌದು. ಹೊರಲು ಆರು ಜನ ಬಂದರು. ಚೆನ್ನಾಗಿ ಹಾಡುತ್ತಿದ್ದವನು ದೊಡ್ಡವನೋ ಚಿಕ್ಕವನೋ ಎಂದು ಹೆಗಲು ಬದಲಿಸುತ್ತಲೇ ವಾದಿಸಿದರು. ಮಣ್ಣು ಮುಚ್ಚಿದ ಮೇಲೂ ಅದು ತೀರ್ಮಾನವಾಗಲಿಲ್ಲ.

ವಾಪಸು ಬರುವಾಗ ಪಾದ್ರಿ ಬೇಸರದಿಂದ ಕೇಳಿದರು: "ಅಲ್ಲಮ್ಮಾ, ಇಷ್ಟು ವರ್ಷದಿಂದ ಗಂಟೆ ಹೊಡೀತಿದ್ದೀರಿ. ಊರಲ್ಲಿ ಎಷ್ಟು ಜನರ ನಿಜವಾದ ಹೆಸರು ಗೊತ್ತು ನಿಮಗೆ?"

ಬಸಿಲೀಸತ್ತೆ ಬೆರಳು ಮಡಚಿ ಎಣಿಸಿದರು. ನಡುವೆ ಗೊಂದಲವಾಗಿ ಮತ್ತೆ ಮೊದಲಿನಿಂದ ಎಣಿಸಿದರು.

"ನಂದೂ ಸೇರಿಸಿದ್ರೆ, ಸ್ವಾಮಿ, ನಾಲ್ಕು."